ಪೆರುವಿಯನ್ ಹೋಟೆಲ್ ಆರಿಸುವ ಮೊದಲು: ಕೋಳಿಯೋ, ಸೆವಿಚೆಯೋ, ಚೀಫಾವೋ?

ದೊಡ್ಡ ನಗರದಲ್ಲಿ ಮೊಬೈಲ್ ಮ್ಯಾಪ್ ತೆರೆದು ಪೆರುವಿಯನ್ ಹೋಟೆಲ್ ಅಂತ ಹುಡುಕಿ ನೋಡಿ. ಕೆಂಡದ ಮೇಲೆ ಕೋಳಿ ಸುಡುವ ಅಂಗಡಿ ಬರುತ್ತದೆ. ಮೇಜಿಗೆ ಬಿಳಿ ಬಟ್ಟೆ ಹಾಸಿದ ದುಬಾರಿ ರೆಸ್ಟೋರೆಂಟ್ ಬರುತ್ತದೆ. ನೋಡೋಕೆ ಚೈನೀಸ್ ಥರ ಇರುವ ಫ್ರೈಡ್ ರೈಸ್ ಜಾಗ, ಹಸಿ ಮೀನು ಬಡಿಸುವ ಪುಟ್ಟ ಕೌಂಟರ್, ಎಲ್ಲವೂ ಅದೇ ಪಟ್ಟಿಯಲ್ಲಿ. ಸ್ಟಾರ್ ಕೂಡ ಹೆಚ್ಚೂಕಮ್ಮಿ ಒಂದೇ. ಇದರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ಉತ್ತರ ಹೇಳೋದು ಕಷ್ಟ, ಯಾಕಂದ್ರೆ ಇವೆಲ್ಲ ಬೇರೆ ಬೇರೆ ಕಸುಬುಗಳು.

ಹಾಗಾಗಿ ಮೊದಲು ಏನು ತಿನ್ನಬೇಕು ಅಂತ ತೀರ್ಮಾನ ಮಾಡಿ. ಆಮೇಲೆ ಎಷ್ಟು ಹೊತ್ತಿಗೆ ಹೋಗುತ್ತೀರಿ ಅಂತ ಯೋಚಿಸಿ. ಹೋಟೆಲಿನ ಹೆಸರಿಗೆ ಮೂರನೇ ಜಾಗ. ಪೆರುವಿನ ರಾಜಧಾನಿ ಲೀಮಾದ ಜನ ಮಾಡೋದೂ ಇದನ್ನೇ. ಕೋಳಿಗೆ ಪೊಯೆರಿಯಾ, ಮೀನಿಗೆ ಸೆವಿಚೆರಿಯಾ, ಫ್ರೈಡ್ ರೈಸಿಗೆ ಚೀಫಾ ಅಂತ ಬೇರೆ ಬೇರೆ ಅಂಗಡಿಗೆ ಹೋಗುತ್ತಾರೆ. ಪೆರುವಿನ ಹೊರಗಿನ ನಗರಗಳಲ್ಲಿ ಗಿರಾಕಿ ಕಮ್ಮಿ, ಬಾಡಿಗೆ ಜಾಸ್ತಿ. ಅದಕ್ಕೇ ಈ ಎಲ್ಲ ಕಸುಬನ್ನೂ ಒಂದೇ ಅಡುಗೆಮನೆಗೆ ತುರುಕಿಬಿಡುತ್ತಾರೆ, ಮೆನು ಪುಟಗಟ್ಟಲೆ ಬೆಳೆಯುತ್ತದೆ. ಅಂಥ ಕಡೆಯೂ ಸಾಮಾನ್ಯವಾಗಿ ಒಂದು ಕಸುಬು ಗಟ್ಟಿಯಾಗಿರುತ್ತದೆ. ಅದು ಯಾವುದು ಅಂತ ಪತ್ತೆ ಹಚ್ಚಿದರೆ ಊಟ ಗೆದ್ದ ಹಾಗೆ.

ಕೋಳಿ ಅಂಗಡಿ

ಪೆರುವಿನ ಅಡುಗೆ ಇದೇ ಮೊದಲು ಅನ್ನುವವರನ್ನು ನಾನು ಕಳಿಸೋದು ಇಲ್ಲಿಗೆ. ತಿಂಡಿಯ ಹೆಸರು ಪೊಯೊ ಆ ಲಾ ಬ್ರಾಸಾ. ಮಸಾಲೆ ಹಚ್ಚಿ ಇಟ್ಟ ಇಡೀ ಕೋಳಿಯನ್ನು ಕಂಬಿಗೆ ಚುಚ್ಚಿ ಕೆಂಡದ ಶಾಖದಲ್ಲಿ ತಿರುಗಿಸಿ ಸುಡುತ್ತಾರೆ. ಇದೇನೂ ಇಂಕಾ ಕಾಲದ ಅಡುಗೆ ಅಲ್ಲ. 1950ರಲ್ಲಿ ಲೀಮಾದ ಅಂಚಿನ ಸಾಂತಾ ಕ್ಲಾರಾದಲ್ಲಿ ರೋಜರ್ ಶುಲರ್ ಎಂಬ ಸ್ವಿಸ್ ಮನುಷ್ಯ ತನ್ನ ಕೋಳಿ ಫಾರಂನಲ್ಲೇ ಇದನ್ನು ಮಾಡಿ ಬಡಿಸಲು ಶುರು ಮಾಡಿದರು. ಆ ಜಾಗದ ಹೆಸರು ಲಾ ಗ್ರಾಂಹಾ ಅಸೂಲ್. ಒಂದೇ ಸಲಕ್ಕೆ ಹಲವು ಕೋಳಿ ತಿರುಗಿಸುವ ಯಂತ್ರವನ್ನು ಇನ್ನೊಬ್ಬ ಸ್ವಿಸ್, ಫ್ರಾಂಜ್ ಉಲ್ರಿಚ್, ಮಾಡಿಕೊಟ್ಟರು. ಈಗ ಅದು ಪೆರುವಿನ ವಾರಾಂತ್ಯದ ಊಟ. ಜುಲೈ ತಿಂಗಳ ಮೂರನೇ ಭಾನುವಾರ ಅದಕ್ಕೇ ಅಂತ ಒಂದು ದಿನವೂ ಇದೆ.

ಈ ಕಸುಬಿನಲ್ಲಿ ಸೋಲೋದು ಕಷ್ಟ, ಅದಕ್ಕೇ ಮೊದಲ ಸಲಕ್ಕೆ ಒಳ್ಳೆಯದು. ಆದರೂ ಒಂದು ಅಂಗಡಿಗೂ ಇನ್ನೊಂದಕ್ಕೂ ಬಹಳ ವ್ಯತ್ಯಾಸ ಇರುತ್ತದೆ. ಮೊದಲ ಪ್ರಶ್ನೆ, ಕೆಂಡವೋ ಗ್ಯಾಸೋ? ಕೆಂಡ ಆದರೆ ರಸ್ತೆಯಲ್ಲೇ ವಾಸನೆ ಗೊತ್ತಾಗುತ್ತದೆ. ಕೆಲವು ನಗರಗಳಲ್ಲಿ ಹೊಗೆಯ ನಿಯಮ ಬಿಗಿ ಇರೋದರಿಂದ ಗ್ಯಾಸ್ ಒಲೆಯೇ ಗತಿ. ಅಂಥ ಕಡೆ ಮಸಾಲೆಯೇ ಎಲ್ಲ ಭಾರ ಹೊರಬೇಕು. ಬೆಳ್ಳುಳ್ಳಿ, ಜೀರಿಗೆ, ಸೋಯಾ ಸಾಸ್, ಅಹಿ ಪಾಂಕಾ ಎಂಬ ಕಡುಗೆಂಪು ಒಣಮೆಣಸು, ಒಮ್ಮೊಮ್ಮೆ ಕಪ್ಪು ಬಿಯರ್, ಇವುಗಳ ಜೊತೆ ವಕತಾಯ್ ಎಂಬ ಘಾಟು ಸೊಪ್ಪೂ ಸೇರಬಹುದು. ಒಬ್ಬೊಬ್ಬರದು ಒಂದೊಂದು ಲೆಕ್ಕ, ಯಾರೂ ಪೂರ್ತಿ ಹೇಳೋಲ್ಲ.

ಎರಡನೆಯದು ಓಡಾಟ. ಸುಟ್ಟ ಕೋಳಿ ಕಾಯುತ್ತಾ ಕೂತರೆ ಎದೆಯ ಭಾಗ ಒಣಗಿ ನಾರಾಗುತ್ತದೆ. ಜನ ಜಾಸ್ತಿ ಇರುವ ಹೊತ್ತಿಗೆ ಹೋದರೆ ಕಂಬಿಯಿಂದ ಇಳಿದ ಕೋಳಿ ನೇರ ತಟ್ಟೆಗೆ ಬರುತ್ತದೆ. ಮಧ್ಯಾಹ್ನ ಊಟದ ಹೊತ್ತು ಮುಗಿದು ಅಂಗಡಿ ಖಾಲಿ ಹೊಡೆಯುವಾಗ ಹೋದರೆ ಅದೇ ಹೋಟೆಲ್ ಬೇರೆಯೇ ಅನ್ನಿಸುತ್ತದೆ. ಕತ್ತರಿಸಿದ ಜಾಗ ನೋಡಿ. ತೊಡೆ ಸಂದಿಯಲ್ಲಿ ರಸ ಒಸರಬೇಕು, ಚರ್ಮ ಕಂದು ಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಕಪ್ಪು ಚುಕ್ಕೆ ಇರಬೇಕು. ಚರ್ಮ ಜೋತುಬಿದ್ದು ಮೆತ್ತಗಿದ್ದರೆ ಅದನ್ನು ಡಬ್ಬಿಯೊಳಗೆ ಬಿಸಿ ಇಟ್ಟಿದ್ದರು ಅಂತ ಅರ್ಥ.

ಮೂರನೆಯದು ಪಕ್ಕದ ಸಾಮಾನು. ಹೆಚ್ಚಿನವರು ನೋಡದೇ ಬಿಡೋದು ಇದನ್ನೇ. ಆಲೂಗಡ್ಡೆಯನ್ನು ಅಲ್ಲೇ ಕತ್ತರಿಸಿ ಕರಿದಿದ್ದಾರೋ, ಫ್ರೋಜನ್ ಪ್ಯಾಕೆಟ್ಟೋ? ಕೈಯಲ್ಲಿ ಕತ್ತರಿಸಿದ್ದು ಒಂದೊಂದು ಒಂದೊಂದು ಅಳತೆಗೆ ಇರುತ್ತದೆ, ಬಣ್ಣವೂ ಸ್ವಲ್ಪ ಗಾಢ. ಹಸಿರು ಸಾಸ್ ಗಟ್ಟಿಯಾಗಿ, ಖಾರವಾಗಿ, ಸೊಪ್ಪಿನ ವಾಸನೆಯ ಜೊತೆ ಬರಬೇಕು. ಅದು ಬರೀ ಬಣ್ಣ ಹಾಕಿದ ಮಯೊನೇಸ್ ಥರ ಇದ್ದರೆ ಕೋಳಿಯ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಸಾಸನ್ನು ಎರಡನೇ ಸಲ ಕೇಳಿದಾಗ ಮುಖ ಸಿಂಡರಿಸುವ ಅಂಗಡಿಗಳೂ ಇವೆ. ನನಗೆ ಅವು ಬೇಡ.

ಖರ್ಚು ಇಲ್ಲಿ ಎಲ್ಲಕ್ಕಿಂತ ಕಮ್ಮಿ. ಮಕ್ಕಳು ಇದ್ದರೆ, ದೊಡ್ಡ ಗುಂಪು ಇದ್ದರೆ, ಪಾರ್ಸೆಲ್ ಬೇಕಿದ್ದರೆ ಬೇರೆ ಯೋಚನೆಯೇ ಬೇಡ. ಆದರೆ ಗೋಡೆ ಮೇಲೆ ಕೋಳಿ ಚಿತ್ರ ಇರುವ ಅಂಗಡಿಯಲ್ಲಿ ಸೆವಿಚೆ ಆರ್ಡರ್ ಮಾಡುವ ಸಾಹಸ ಬೇಡ. ಮೆನುವಿನ ಕೊನೇ ಪುಟದಲ್ಲಿ ಅದು ಸುಮ್ನೆ ಇರುತ್ತದೆ, ಅಷ್ಟೇ.

ಸೆವಿಚೆರಿಯಾ

ಇಲ್ಲಿ ನಿಧಾನವಾಗಿ ಆರಿಸಬೇಕು. ಸೆವಿಚೆಯಲ್ಲಿ ಇರೋದು ಹಸಿ ಮೀನಿನ ತುಂಡು, ನಿಂಬೆರಸ, ಉಪ್ಪು, ಈರುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು. ಮೀನು ಹಳೆಯದಾದರೆ ಮುಚ್ಚಿಡಲು ಮಸಾಲೆಯೂ ಇಲ್ಲ, ಬೆಂಕಿಯೂ ಇಲ್ಲ. ಪೆರುವಿನವರಿಗೆ ಇದು ಬಹಳ ಹೆಮ್ಮೆಯ ತಿಂಡಿ. ಜೂನ್ 28 ಅಲ್ಲಿ ಸೆವಿಚೆ ದಿನ. 2023ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಸೆವಿಚೆ ಮಾಡುವ, ತಿನ್ನುವ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೊದಲು ಗಡಿಯಾರ ನೋಡಿ. ಲೀಮಾದ ಹಳೇ ಕ್ರಮದಲ್ಲಿ ಸೆವಿಚೆರಿಯಾ ಅಂದರೆ ಮಧ್ಯಾಹ್ನದ ವ್ಯಾಪಾರ. ಬೆಳಿಗ್ಗೆ ಬಂದ ಮೀನು ಮಧ್ಯಾಹ್ನವೇ ಮುಗಿಯಬೇಕು, ಸಂಜೆ ಹೊತ್ತಿಗೆ ಬಾಗಿಲು ಬಂದ್. ಈಗ ಒಳ್ಳೇ ಫ್ರಿಜ್ ಇರೋದರಿಂದ ರಾತ್ರಿಯೂ ಬಡಿಸುತ್ತಾರೆ, ತಪ್ಪೇನಿಲ್ಲ. ಆದರೂ ಹೊರದೇಶದ ನಗರದಲ್ಲೂ ಮಧ್ಯಾಹ್ನ ಮಾತ್ರ ತೆರೆಯುವ, ಅಥವಾ ಮೀನು ಮುಗಿಯಿತು ಅಂತ ಬೋರ್ಡ್ ತಿರುಗಿಸುವ ಜಾಗ ಸಿಕ್ಕರೆ ನನ್ನ ಮತ ಅದಕ್ಕೆ. ಎರಡು ಹೋಟೆಲಿನ ನಡುವೆ ತೀರ್ಮಾನ ಆಗದಿದ್ದರೆ, ಸೆವಿಚೆ ಮಧ್ಯಾಹ್ನ ಹೆಚ್ಚು ಖರ್ಚಾಗುವ ಕಡೆಗೆ ಹೋಗಿ.

ಆಮೇಲೆ ಒಂದು ಪ್ರಶ್ನೆ ಕೇಳಿ, ಇವತ್ತು ಯಾವ ಮೀನು? ಒಳ್ಳೇ ಕಡೆ ಮೀನಿನ ಹೆಸರು ತಕ್ಷಣ ಬರುತ್ತದೆ. ಲೀಮಾದಲ್ಲಾದರೆ ಕೊರ್ವಿನಾ, ಲೆಂಗ್ವಾದೊ ಅನ್ನುತ್ತಾರೆ. ಬೇರೆ ನಗರಗಳಲ್ಲಿ ಸೀ ಬಾಸ್, ಫ್ಲೌಂಡರ್, ಹೀಗೆ ಅಲ್ಲಿ ಸಿಗುವ ಗಟ್ಟಿ ಮಾಂಸದ ಸಮುದ್ರ ಮೀನು. 'ಬಿಳಿ ಮೀನು ಸರ್' ಅಂದರೆ ಅದು ಉತ್ತರ ಅಲ್ಲ. ಸಾಮಾನ್ಯವಾಗಿ ತಿಲಾಪಿಯಾ ಇರುತ್ತದೆ. ತಿಲಾಪಿಯಾ ತಿನ್ನಬಾರದು ಅಂತಿಲ್ಲ, ಆದರೆ ಸಮುದ್ರ ಮೀನಿನ ಬೆಲೆ ಕೊಡಬೇಡಿ.

ಫ್ರೋಜನ್ ಅಂದ ತಕ್ಷಣ ಎದ್ದು ಹೋಗಬೇಕಾಗಿಲ್ಲ. ಹಸಿಯಾಗಿ ತಿನ್ನುವ ಮೀನಿನಲ್ಲಿ ಇರಬಹುದಾದ ಹುಳ ಸಾಯಲಿ ಅಂತಲೇ ಅದನ್ನು ಹೆಪ್ಪುಗಟ್ಟಿಸುತ್ತಾರೆ. ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಇಡಬೇಕು ಅಂತ ಅಮೆರಿಕದ ಆಹಾರ ಇಲಾಖೆಯ ಸೂಚನೆಯೂ ಇದೆ. ನಿಂಬೆರಸ ಮೀನನ್ನು ಬೆಳ್ಳಗೆ ಮಾಡುತ್ತದೆ, ಆದರೆ ಬೇಯಿಸಿದ ಹಾಗೆ ಕ್ರಿಮಿ ಕೊಲ್ಲುವುದಿಲ್ಲ. ಬಸುರಿಯರು, ಕಾಯಿಲೆಯಿಂದ ಎದ್ದವರು ಈ ತಟ್ಟೆ ಬಿಟ್ಟು ಬೇರೇನಾದರೂ ತಿನ್ನಲಿ.

ಈಗ ತಟ್ಟೆ ಮುಂದೆ ಬಂತು ಅಂದ್ಕೊಳ್ಳಿ. ಫೋಟೊ ತೆಗೆಯುವ ಮೊದಲು ಮೀನಿನ ಒಂದು ತುಂಡನ್ನು ಫೋರ್ಕ್‌ನಲ್ಲಿ ಅರ್ಧ ಮಾಡಿ ನೋಡಿ. ಹೊರಗೆ ಬೆಳ್ಳಗೆ, ಒಳಗೆ ಇನ್ನೂ ಸ್ವಲ್ಪ ಗಾಜಿನ ಥರ ಹೊಳಪು ಇದ್ದರೆ ಆಗಷ್ಟೇ ನಿಂಬೆ ಹಾಕಿ ತಂದಿದ್ದಾರೆ. ಒಳಗೂ ಹೊರಗೂ ಸುಣ್ಣದ ಬಣ್ಣಕ್ಕೆ ತಿರುಗಿ ಅಂಚು ಪುಡಿಯಾಗುತ್ತಿದ್ದರೆ ಗಂಟೆಗಟ್ಟಲೆ ನೆನೆಸಿಟ್ಟದ್ದು. ಹಿಂದಿನವರು ಹಾಗೇ ತುಂಬಾ ಹೊತ್ತು ನೆನೆಸುತ್ತಿದ್ದರು. ಲೀಮಾದ ಜಪಾನೀ ಮೂಲದ ಅಡುಗೆಯವರ ಕೈ ತಾಗಿದ ಮೇಲೆ ಗಂಟೆಗಳು ನಿಮಿಷಕ್ಕೆ ಇಳಿದವು. ಈರುಳ್ಳಿ ಉದ್ದುದ್ದ ತೆಳ್ಳಗಿದ್ದು ಕಚ್ಚಿದರೆ ಕರಕ್ ಅನ್ನಬೇಕು, ಬಾಡಿ ನೀರು ಬಿಟ್ಟಿರಬಾರದು.

ತಳದಲ್ಲಿ ನಿಂತ ಹಾಲಿನ ಬಣ್ಣದ ರಸವೇ ಲೆಚೆ ದೆ ತಿಗ್ರೆ. ಚಮಚದಲ್ಲಿ ಕುಡಿಯಿರಿ. ಮೊದಲು ಹುಳಿ ಹೊಡೆಯುತ್ತದೆ, ಹಿಂದೆಯೇ ಉಪ್ಪು ಮತ್ತು ಮೀನಿನ ರುಚಿ, ಕೊನೆಗೆ ಗಂಟಲಲ್ಲಿ ಅಹಿ ಲಿಮೊ ಮೆಣಸಿನ ಖಾರ. ಹುಳಿ ಒಂದೇ ಗೊತ್ತಾದರೆ ಅಡುಗೆಯವರು ನಿಂಬೆ ಹಿಂಡಿ ಕೈ ತೊಳೆದುಕೊಂಡಿದ್ದಾರೆ ಅಷ್ಟೇ. ಲೆಚೆ ದೆ ತಿಗ್ರೆಯನ್ನು ಗ್ಲಾಸಿನಲ್ಲಿ ಬೇರೆಯಾಗಿಯೂ ಮಾರುತ್ತಾರೆ. ಹೊಸ ಜಾಗದಲ್ಲಿ ಅದೊಂದನ್ನೇ ಮೊದಲು ತರಿಸಿ ಪರೀಕ್ಷೆ ಮಾಡೋದು ಅಗ್ಗದ ಉಪಾಯ.

ತಟ್ಟೆಯ ಅಂಚಿನಲ್ಲಿ ಬೇಯಿಸಿದ ಗೆಣಸು, ಚೊಕ್ಲೊ, ಹುರಿದ ಜೋಳದ ಕಾಂಚಾ ಇರುತ್ತವೆ. ಚೊಕ್ಲೊ ಅಂದರೆ ಆಂಡಿಸ್ ಬೆಟ್ಟದ ದಪ್ಪ ಕಾಳಿನ ಮೆಕ್ಕೆಜೋಳ. ಸಿಹಿ ಕಮ್ಮಿ, ಹಿಟ್ಟು ಹಿಟ್ಟಾಗಿ ಹೊಟ್ಟೆ ತುಂಬುವಂಥದು. ಅದರ ಜಾಗದಲ್ಲಿ ಡಬ್ಬಿಯ ಹಳದಿ ಸ್ವೀಟ್ ಕಾರ್ನ್ ಇದ್ದರೆ ಮಾಲೀಕರು ಪೆರುವಿನ ಸಾಮಾನು ತರಿಸುವ ಗೋಜಿಗೆ ಹೋಗಿಲ್ಲ. ಇದನ್ನು ಮನೆಯಲ್ಲೇ ಕೂತು ಪತ್ತೆ ಮಾಡಬಹುದು. ಹೋಟೆಲಿನವರ ಫೋಟೊ ಬಿಟ್ಟು ಗಿರಾಕಿಗಳು ಹಾಕಿದ ಫೋಟೊ ನೋಡಿ, ಜೋಳದ ಕಾಳು ಎಷ್ಟು ದೊಡ್ಡದು ಅಂತ.

ಮೊದಲ ಸಲ ಬರೀ ಮೀನಿನ ಕ್ಲಾಸಿಕ್ ಸೆವಿಚೆ ತಗೊಳ್ಳಿ. ಸಿಗಡಿ, ಆಕ್ಟೋಪಸ್, ಸ್ಕ್ವಿಡ್ ಎಲ್ಲ ಬೆರೆಸಿದ ಮಿಕ್ಸ್ತೊದಲ್ಲಿ ಮೀನಿನ ಗುಣ ಗೊತ್ತಾಗುವುದಿಲ್ಲ. ಮಾವಿನಹಣ್ಣು, ಆವಕಾಡೊ, ತೆಂಗಿನಹಾಲು ಹಾಕಿದ ಸೆವಿಚೆಗಳೇ ಮೆನು ತುಂಬ ಇದ್ದರೆ ಆ ಹೋಟೆಲ್ ಬೇರೆ ಯಾರನ್ನೋ ಖುಷಿಪಡಿಸಲು ಹೊರಟಿದೆ.

ಚೀಫಾ, ನಿಕ್ಕೇ: ಎರಡೂ ಒಂದೇ ಅಲ್ಲ

ಚೀನಾದ ಕೂಲಿಗಳು ಪೆರುವಿಗೆ ಬರಲು ಶುರುವಾದದ್ದು 1849ರಲ್ಲಿ. ಕಬ್ಬಿನ ತೋಟ, ಗ್ವಾನೊ ಗೊಬ್ಬರದ ದ್ವೀಪಗಳಲ್ಲಿ ದುಡಿದು, ಕರಾರು ಮುಗಿದ ಮೇಲೆ ಹಲವರು ಊಟದಂಗಡಿ ಇಟ್ಟರು. ಲೀಮಾದ ಕಾಯೆ ಕಾಪೊನ್ ಬೀದಿಯ ಸುತ್ತ ಚೀನಾ ಪೇಟೆ ಬೆಳೆಯಿತು. ಅವರ ಅಡುಗೆಯೇ ಚೀಫಾ. ಅರೊಸ್ ಚೌಫಾ ಅಂದರೆ ಫ್ರೈಡ್ ರೈಸ್, ತಾಯಾರಿನ್ ಸಾಲ್ತಾದೊ ಅಂದರೆ ನೂಡಲ್ಸ್. ಚೌಫಾಕ್ಕೆ ನೂಡಲ್ಸ್ ಬೆರೆಸಿದರೆ ಅದಕ್ಕೆ ಏರೊಪುಯೆರ್ತೊ ಅಂತ ಹೆಸರು. ಹೊಟ್ಟೆ ತುಂಬುವ, ಜೇಬಿಗೆ ಭಾರವಾಗದ ಊಟ.

ಜಪಾನೀಯರು ಬಂದದ್ದು ಅದಾಗಿ ಐವತ್ತು ವರ್ಷಕ್ಕೆ, 1899ರಲ್ಲಿ. ಸಕುರಾ ಮಾರು ಎಂಬ ಹಡಗು 790 ಜನರನ್ನು ಕರೆತಂದಿತು. ಅವರ ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ ಬೆಳೆದದ್ದು ನಿಕ್ಕೇ ಅಡುಗೆ. ತಿರಾದಿತೊ ಇದರ ಗುರುತು. ಮೀನನ್ನು ಸಾಶಿಮಿ ಥರ ತೆಳ್ಳಗೆ ಹೆಚ್ಚಿ, ಈರುಳ್ಳಿ ಹಾಕದೆ, ಮೇಲೆ ಮೆಣಸಿನ ಸಾಸ್ ಸುರಿಯುತ್ತಾರೆ.

ವಲಸಿಗರ ಅಡುಗೆ ಅನ್ನೋದು ಎರಡಕ್ಕೂ ಸಮಾನ. ಅಲ್ಲಿಂದ ಮುಂದೆ ದಾರಿ ಬೇರೆ. ಚೀಫಾ ದಿನದ ಊಟ, ಮಾಂಸ ಅನ್ನ ಬೆಂಕಿ. ನಿಕ್ಕೇ ಈಗ ಫ್ಯಾಷನ್, ಬೆಲೆ ಏರಿದೆ, ತಟ್ಟೆ ಚಿಕ್ಕದಾಗಿದೆ. ಮಾಮೂಲಿ ಸುಶಿ ಅಂಗಡಿಯವರೂ ಮೆಣಸಿನ ಮಯೊನೇಸ್ ಹಚ್ಚಿ ನಿಕ್ಕೇ ಅಂತ ಬೋರ್ಡ್ ಹಾಕುತ್ತಿದ್ದಾರೆ. ಅಂಥ ಕಡೆ ತಿರಾದಿತೊ ತರಿಸಿ ನೋಡಿ. ಸಾಸ್‌ನಲ್ಲಿ ಮೀನು ಮುಳುಗಿಹೋಗಿದ್ದರೆ ಮುಂದಿನ ತಟ್ಟೆಗೆ ದುಡ್ಡು ಹಾಕಬೇಡಿ. ಬಜೆಟ್ ಇದೆ, ಇಬ್ಬರೇ ಹೋಗುತ್ತಿದ್ದೀರಿ, ಮೀನು ಇಷ್ಟ ಅಂದರೆ ನಿಕ್ಕೇ. ಹಸಿವಾಗಿದೆ ಅಂದರೆ ಚೀಫಾ.

ಚೀಫಾದವರು ಮಾಡುವ ತಿಂಡಿಗಳಲ್ಲಿ ನಾನು ಪರೀಕ್ಷೆಗೆ ಇಟ್ಟುಕೊಂಡದ್ದು ಲೊಮೊ ಸಾಲ್ತಾದೊ. ಇದು ಈಗ ಹೆಚ್ಚುಕಮ್ಮಿ ಎಲ್ಲ ಪೆರುವಿಯನ್ ಹೋಟೆಲಿನಲ್ಲೂ ಸಿಗುತ್ತದೆ, ಹಾಗಾಗಿ ಬೇರೆ ಬೇರೆ ಜಾಗ ಹೋಲಿಸಲು ಸುಲಭ. ದನದ ಮಾಂಸದ ಪಟ್ಟಿ, ದಪ್ಪಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಅಹಿ ಅಮರಿಯೊ ಮೆಣಸು, ಸೋಯಾ ಸಾಸ್, ವಿನೆಗರ್. ಎಲ್ಲವನ್ನೂ ಜೋರು ಉರಿಯ ವಾಕ್‌ನಲ್ಲಿ ಚಕಚಕ ಅಂತ ಎಸೆದು ಇಳಿಸುತ್ತಾರೆ. ಜೊತೆಗೆ ಕರಿದ ಆಲೂಗಡ್ಡೆಯೂ ಇರುತ್ತದೆ, ಅನ್ನವೂ ಇರುತ್ತದೆ. ಎರಡು ಪಿಷ್ಟ ಒಂದೇ ತಟ್ಟೆಯಲ್ಲಿ ಯಾಕೆ ಅಂತ ಕೇಳಬೇಡಿ, ತಿಂದು ನೋಡಿ.

ಸರಿಯಾಗಿ ಮಾಡಿದ್ದರೆ ಮಾಂಸದ ಅಂಚು ಕಪ್ಪಾಗಿ ಹೊಗೆಯ ವಾಸನೆ ಹಿಡಿದಿರುತ್ತದೆ. ಟೊಮೆಟೊದ ಸಿಪ್ಪೆ ಇನ್ನೂ ಬಿಗಿಯಾಗಿರುತ್ತದೆ, ಈರುಳ್ಳಿ ಅರ್ಧ ಹಸಿ. ರಸ ಸ್ವಲ್ಪವೇ ಇದ್ದು ಆಲೂಗಡ್ಡೆಯ ಕೆಳಭಾಗ ನೆನೆದಿರುತ್ತದೆ, ಮೇಲ್ಭಾಗ ಗರಿಗರಿ. ಉರಿ ಸಾಲದ ಅಡುಗೆಮನೆಯಲ್ಲಿ ಇದೇ ತಿಂಡಿ ಬೇಯುತ್ತಾ ಬೇಯುತ್ತಾ ಗೊಜ್ಜಾಗಿಬಿಡುತ್ತದೆ. ಟೊಮೆಟೊ ಕರಗಿ, ಮಾಂಸ ಬೂದಿ ಬಣ್ಣಕ್ಕೆ ತಿರುಗಿ, ರಸ ತಟ್ಟೆ ತುಂಬ. ನೋಡಿದ ತಕ್ಷಣ ಗೊತ್ತಾಗುತ್ತದೆ.

ಕ್ರಿಯೊಯೊ ಅಡುಗೆ: ಮನೆ ಊಟದ ಹೋಟೆಲ್

ನನ್ನ ಮೆಚ್ಚಿನದು ಇದು, ಹುಡುಕೋದು ಕಷ್ಟವಾದದ್ದೂ ಇದೇ. ಇಲ್ಲಿ ಮುಖ್ಯ ಕೆಂಡವೂ ಅಲ್ಲ, ವಾಕೂ ಅಲ್ಲ. ಸಾರು, ಗೊಜ್ಜು, ಹಿಸುಕಿದ ಆಲೂಗಡ್ಡೆ. ಫೋಟೊದಲ್ಲಿ ಚೆಂದ ಕಾಣೋದಿಲ್ಲ, ಹಾಗಾಗಿ ಮೊಬೈಲ್ ಪಟ್ಟಿಯಲ್ಲಿ ಕೆಳಗೆ ಬಿದ್ದಿರುತ್ತದೆ.

ಇಡೀ ಅಡುಗೆ ನಿಂತಿರೋದು ಅಹಿ ಅಮರಿಯೊ ಮೇಲೆ. ಹೆಸರಲ್ಲಿ ಹಳದಿ ಇದ್ದರೂ ಹಣ್ಣಾದಾಗ ಬಣ್ಣ ಕಿತ್ತಳೆ. ಖಾರ ಇದೆ, ಜೊತೆಗೆ ಹಣ್ಣಿನ ಘಮವೂ ಇದೆ. ತಾಜಾ ಕಾಯಿ ಪೆರುವಿನ ಹೊರಗೆ ಸಿಗೋದು ಅಪರೂಪ. ಫ್ರೋಜನ್ ಕಾಯಿ ಅಥವಾ ಬಾಟಲಿಯ ಪೇಸ್ಟ್ ಬಳಸುತ್ತಾರೆ. ಫ್ರೋಜನ್ ಬಳಸಿ ಅಲ್ಲೇ ರುಬ್ಬಿದ ಸಾಸ್‌ಗೆ ಘಮ ಉಳಿದಿರುತ್ತದೆ. ಬಾಟಲಿ ಪೇಸ್ಟ್ ಹಾಗೇ ಸುರಿದರೆ ಉಪ್ಪು ಮತ್ತು ಹುಳಿ ಮುಂದೆ ನಿಲ್ಲುತ್ತದೆ.

ಪರೀಕ್ಷೆಗೆ ಪಾಪಾ ಆ ಲಾ ವಾಂಕಾಯಿನಾ ಸಾಕು. ಬೇಯಿಸಿದ ಆಲೂಗಡ್ಡೆಯ ಬಿಲ್ಲೆಗಳ ಮೇಲೆ ಅಹಿ ಅಮರಿಯೊ, ತಾಜಾ ಚೀಸ್, ಹಾಲು, ಬಿಸ್ಕತ್ತು ಸೇರಿಸಿ ರುಬ್ಬಿದ ತಣ್ಣನೆ ಸಾಸ್. ಅಗ್ಗದ ತಿಂಡಿ, ಆದರೆ ಮೆಣಸಿನ ಘಮ ಇದೆಯೋ ಇಲ್ಲವೋ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಅದು ಪಾಸಾದರೆ ಅಹಿ ದೆ ಗಾಯಿನಾ ಹೇಳಿ. ಬಿಡಿಸಿದ ಕೋಳಿ ಮಾಂಸವನ್ನು ಅದೇ ಮೆಣಸು, ನೆನೆಸಿದ ಬ್ರೆಡ್ಡು, ಹಾಲು, ಬೀಜದ ಪುಡಿ ಹಾಕಿ ಕುದಿಸಿದ್ದು. ಸಾಸ್ ಗಟ್ಟಿಯಿದ್ದು ಬಾಯಲ್ಲಿ ಸ್ವಲ್ಪ ತರಿ ತರಿ ಸಿಗಬೇಕು. ನುಣ್ಣಗೆ ಹೊಳೆಯುತ್ತಿದ್ದರೆ ಕ್ರೀಮ್ ಸುರಿದಿದ್ದಾರೆ.

ಇದೇ ಹೋಟೆಲಿನಲ್ಲಿ ಹಿಸುಕಿದ ಆಲೂಗಡ್ಡೆಯ ಪದರಗಳ ನಡುವೆ ಹೂರಣ ಇಟ್ಟ ತಣ್ಣನೆ ಕೌಸಾ, ಬೀನ್ಸ್ ಮತ್ತು ಅನ್ನ ಸೇರಿಸಿ ಕಾವಲಿಯಲ್ಲಿ ಹುರಿದ ಟಕು ಟಕು, ಕೊತ್ತಂಬರಿಯಲ್ಲಿ ಬೆಂದ ಮಾಂಸದ ಸೆಕೊ ಸಿಗುತ್ತವೆ. ದನದ ಗುಂಡಿಗೆಯನ್ನು ಅಹಿ ಪಾಂಕಾ, ವಿನೆಗರ್‌ನಲ್ಲಿ ನೆನೆಸಿ ಕಡ್ಡಿಗೆ ಚುಚ್ಚಿ ಸುಟ್ಟ ಆಂಟಿಕುಚೊ ಕೂಡ ಇಲ್ಲೇ. ಗುಂಡಿಗೆ ಅಂತ ಹಿಂಜರಿಯಬೇಡಿ, ಒಳ್ಳೇ ಕಡೆ ಅದು ಮೆತ್ತಗಿರುತ್ತದೆ. ಮೆನುವಿನಲ್ಲಿ ಗುಂಡಿಗೆಯ ಬದಲು ಬರೀ ಚಿಕನ್ ಆಂಟಿಕುಚೊ ಇದ್ದರೆ ಬರುವ ಗಿರಾಕಿಗಳಲ್ಲಿ ಪೆರುವಿನವರು ಕಮ್ಮಿ ಅಂತ ಊಹಿಸಬಹುದು.

ಅರೆಕಿಪಾ ನಗರದ ಕಡೆಯ ರೊಕೊಟೊ ರೆಯೆನೊ (ಮಾಂಸ ತುಂಬಿದ ರೊಕೊಟೊ ಮೆಣಸು), ಅಮೆಜಾನ್ ಕಡೆಯ ಹುವಾನೆ (ಎಲೆಯಲ್ಲಿ ಕಟ್ಟಿ ಬೇಯಿಸಿದ ಅನ್ನ) ಮಾಡುವ ಹೋಟೆಲ್ ಎಲ್ಲಾದರೂ ಕಂಡರೆ ಹೋಗಿಬನ್ನಿ. ಪೆರುವಿನ ಹೊರಗೆ ಅಂಥವು ಕಮ್ಮಿ. ರೊಕೊಟೊ ನೋಡಲು ಸಣ್ಣ ಕ್ಯಾಪ್ಸಿಕಂ ಥರ, ಒಳಗೆ ಕಪ್ಪು ಬೀಜ, ಖಾರ ಮಾತ್ರ ಬೇರೆ ಲೆಕ್ಕ.

ದುಬಾರಿ ರೆಸ್ಟೋರೆಂಟ್

ಲೀಮಾದ ಹೆಸರು ಈಗ ಎಲ್ಲೆಡೆ ಕೇಳಿಬರಲು ದೊಡ್ಡ ಕಾರಣ ಗಾಸ್ತೊನ್ ಅಕುರಿಯೊ. ಪತ್ನಿ ಆಸ್ತ್ರಿದ್ ಗುಚೆ ಜೊತೆ 1994ರಲ್ಲಿ ಆಸ್ತ್ರಿದ್ ಇ ಗಾಸ್ತೊನ್ ಶುರು ಮಾಡಿದರು. ಆಮೇಲೆ ವಿರ್ಜಿಲಿಯೊ ಮಾರ್ತಿನೆಸ್ ಮತ್ತು ಪಿಯಾ ಲೆಯೊನ್ ಅವರ ಸೆಂತ್ರಾಲ್ 2023ರಲ್ಲಿ, ಮಿತ್ಸುಹಾರು ತ್ಸುಮುರಾ ಅವರ ನಿಕ್ಕೇ ರೆಸ್ಟೋರೆಂಟ್ ಮೈದೊ 2025ರಲ್ಲಿ, ಜಗತ್ತಿನ 50 ಶ್ರೇಷ್ಠ ರೆಸ್ಟೋರೆಂಟ್‌ಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದವು. ಈ ಹೆಸರಿನ ಬಲದಲ್ಲಿ ಎಲ್ಲ ದೊಡ್ಡ ನಗರದಲ್ಲೂ ಒಂದೆರಡು ದುಬಾರಿ ಪೆರುವಿಯನ್ ಜಾಗ ಹುಟ್ಟಿಕೊಂಡಿವೆ.

ಹೋಗಬಾರದು ಅನ್ನೋಲ್ಲ. ಆದರೆ ಮೊದಲ ಪೆರುವಿಯನ್ ಊಟ ಇದಾಗಬಾರದು. ಕೌಸಾ ಅಂದರೇನು ಅಂತ ಗೊತ್ತಿಲ್ಲದೆ ಅದನ್ನು ಬಿಚ್ಚಿ ಮತ್ತೆ ಜೋಡಿಸಿದ ತಟ್ಟೆ ತಿಂದರೆ ಏನು ಅರ್ಥವಾಗುತ್ತದೆ? ಮೊದಲು ಮನೆ ಊಟದ ಹೋಟೆಲಿನಲ್ಲಿ ತಿನ್ನಿ. ಆಮೇಲೆ ಇಲ್ಲಿಗೆ ಬಂದರೆ ಅಡುಗೆಯವರ ಆಟ ಗೊತ್ತಾಗುತ್ತದೆ. ಪ್ರತಿ ತಟ್ಟೆಯ ಮೇಲೂ ಆಂಡಿಸ್ ಕಡೆಯ ಕಿನ್ವಾ ಕಾಳು ಉದುರಿಸುವ ಜಾಗಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ.

ಕುಡಿಯೋದಕ್ಕೆ

ಕುಡಿಯುವ ಪಾನೀಯದಿಂದಲೂ ಹೋಟೆಲ್ ಅಳೆಯಬಹುದು. ಚಿಚಾ ಮೊರಾದಾ ಅಂದರೆ ನೇರಳೆ ಮೆಕ್ಕೆಜೋಳವನ್ನು ಅನಾನಸ್ ಸಿಪ್ಪೆ, ಚಕ್ಕೆ, ಲವಂಗದ ಜೊತೆ ಕುದಿಸಿ ತಣ್ಣಗೆ ಮಾಡಿದ ಶರಬತ್ತು, ಮದ್ಯ ಇಲ್ಲ. ಮನೆಯಲ್ಲಿ ಕುದಿಸಿದ್ದೋ ಪುಡಿ ಕಲಸಿದ್ದೋ ಅಂತ ಕೇಳಿ. ಕುದಿಸಿದ್ದರಲ್ಲಿ ಲವಂಗ ಮೂಗಿಗೆ ಬಡಿಯುತ್ತದೆ, ಪುಡಿಯದು ಬರೀ ಸಕ್ಕರೆ. ದಿನಾ ಚಿಚಾ ಕುದಿಸುವಷ್ಟು ತಾಳ್ಮೆ ಇರುವ ಅಡುಗೆಮನೆ ಸಾಸನ್ನೂ ಅಲ್ಲೇ ರುಬ್ಬುತ್ತಿರುತ್ತದೆ. ಹಳದಿ ಬಣ್ಣದ ಇಂಕಾ ಕೋಲಾ 1935ರಿಂದ ಇದೆ. ಬಹಳ ಸಿಹಿ, ಸುಟ್ಟ ಕೋಳಿಯ ಜೊತೆ ಪರವಾಗಿಲ್ಲ.

ಮದ್ಯ ಕುಡಿಯುವವರಿಗೆ ಪಿಸ್ಕೊ ಸವರ್. ದ್ರಾಕ್ಷಿಯಿಂದ ಇಳಿಸಿದ ಪಿಸ್ಕೊ, ನಿಂಬೆ, ಸಕ್ಕರೆ ಪಾಕ, ಹಸಿ ಮೊಟ್ಟೆಯ ಬಿಳಿ, ಮೇಲೆ ಕೆಲವು ಹನಿ ಬಿಟರ್ಸ್ ಎಂಬ ಕಹಿ ದ್ರಾವಣ. ಪೆರುವಿನ ನಿಯಮದಂತೆ ಪಿಸ್ಕೊಗೆ ನೀರು ಬೆರೆಸುವಂತಿಲ್ಲ, ಮರದ ಪೀಪಾಯಿಯಲ್ಲಿ ಇಡುವಂತಿಲ್ಲ. ಕೇಬ್ರಾಂತಾ, ಇತಾಲಿಯಾ ಅಂತ 8 ಜಾತಿ ದ್ರಾಕ್ಷಿಗೆ ಮಾತ್ರ ಅವಕಾಶ. ಯಾವ ದ್ರಾಕ್ಷಿಯದು ಅಂತ ಕೇಳಿದಾಗ ಬಾರಿನವರು ಬಾಟಲಿ ತಿರುಗಿಸಿ ತೋರಿಸಿದರೆ ಸಂತೋಷ.

ಎಲ್ಲಿ ಹುಡುಕೋದು

ಊರಿನ ನಡುಮಧ್ಯ ಬಿಟ್ಟು ಪೆರುವಿನವರು ವಾಸ ಮಾಡುವ ಕಡೆ ನೋಡಿ. ನ್ಯೂಯಾರ್ಕ್ ಕಡೆ ಇದ್ದರೆ ಪಕ್ಕದ ನ್ಯೂಜೆರ್ಸಿಯ ಪ್ಯಾಟರ್ಸನ್ ಊರಲ್ಲಿ ಪೆರುವಿನವರು ತುಂಬಾ ಜನ, ಹೋಟೆಲ್ ಸಾಲು ಸಾಲು. ಸ್ಯಾಂಟಿಯಾಗೊ, ಬ್ಯೂನಸ್ ಐರಿಸ್, ಮ್ಯಾಡ್ರಿಡ್, ಮಿಲಾನ್ ನಗರಗಳಲ್ಲೂ ದೊಡ್ಡ ಸಮುದಾಯಗಳಿವೆ. ಇಂಥ ಬೀದಿಗಳಲ್ಲಿ ಹೋಟೆಲ್ ಪಕ್ಕದಲ್ಲೇ ಒಂದು ದಿನಸಿ ಅಂಗಡಿ ಇರುತ್ತದೆ. ಫ್ರೋಜನ್ ಅಹಿ ಅಮರಿಯೊ, ನೇರಳೆ ಜೋಳ ಮಾರುವವರಿಗೆ ಯಾವ ಹೋಟೆಲಿನವರು ಏನು ಕೊಳ್ಳುತ್ತಾರೆ ಅಂತ ಗೊತ್ತಿರುತ್ತದೆ. ಅವರನ್ನೇ ಕೇಳಿ. ಯಾವ ರಿವ್ಯೂ ಕೂಡ ಅಷ್ಟು ನಿಖರವಾಗಿ ಹೇಳೋಲ್ಲ.

ರಿವ್ಯೂ ಓದಲೇಬೇಕು ಅಂದರೆ ಸ್ಪ್ಯಾನಿಷ್‌ನಲ್ಲಿ ಬರೆದದ್ದನ್ನು ಅನುವಾದ ಬಟನ್ ಒತ್ತಿ ಓದಿ. 'ಅದ್ಭುತ' ಅನ್ನೋ ಐದು ಸ್ಟಾರಿಗಿಂತ 'ಸೆವಿಚೆ ಚೆನ್ನಾಗಿದೆ, ಚೌಫಾ ಬೇಡ' ಅನ್ನೋ ಮೂರು ಸ್ಟಾರ್ ನಿಮಗೆ ಹೆಚ್ಚು ಉಪಯೋಗ. ಮೆನುವಿನಲ್ಲಿ ಟಾಕೊ, ಬುರಿಟೊ ಸೇರಿಕೊಂಡಿದ್ದರೆ ಎಚ್ಚರ. ಅವು ಮೆಕ್ಸಿಕೊದವು.

ಸಸ್ಯಾಹಾರಿಗಳಿಗೆ ಕೋಳಿ ಅಂಗಡಿಯೂ ಸೆವಿಚೆರಿಯಾವೂ ಪ್ರಯೋಜನವಿಲ್ಲ. ಕ್ರಿಯೊಯೊ ಹೋಟೆಲಿಗೇ ಹೋಗಿ. ವಾಂಕಾಯಿನಾ ಆಲೂಗಡ್ಡೆ (ಮೇಲಿನ ಮೊಟ್ಟೆ ಬೇಡ ಅನ್ನಿ), ಆವಕಾಡೊ ತುಂಬಿದ ಕೌಸಾ, ಕುಂಬಳದ ಗೊಜ್ಜು ಲೊಕ್ರೊ, ಅರೆಕಿಪಾದ ಸೊಲ್ತೆರಿತೊ ಸಲಾಡ್ ಸಿಗಬಹುದು. ಟಕು ಟಕುವಿನ ಬೀನ್ಸ್ ಬೇಯಿಸುವಾಗ ಹಂದಿ ಕೊಬ್ಬು ಹಾಕುವವರಿದ್ದಾರೆ, ಲೊಕ್ರೊಗೆ ಕೋಳಿ ಸಾರು ಸೇರಿಸುವವರಿದ್ದಾರೆ. ಮಾಂಸ ಇದೆಯಾ ಅಂತ ಕೇಳಿದರೆ ಇಲ್ಲ ಅಂದುಬಿಡುತ್ತಾರೆ, ಸಾರು ಮತ್ತು ಕೊಬ್ಬಿನ ಬಗ್ಗೆ ಬೇರೆಯಾಗಿ ಕೇಳಿ. ಚೀಫಾದಲ್ಲಿ ತರಕಾರಿ ಚೌಫಾ ಮಾಡಿಕೊಡುತ್ತಾರೆ, ವಾಕ್ ಮಾತ್ರ ಅದೇ.

ಯಾವ ದಿನ ಹೋಗಬೇಕು ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಕ್ರಿಯೊಯೊ ಹೋಟೆಲ್‌ಗಳು ಹೆಚ್ಚು ಶ್ರಮದ ಅಡುಗೆಯನ್ನು ಶನಿವಾರ, ಭಾನುವಾರಕ್ಕೆ ಇಟ್ಟುಕೊಳ್ಳುತ್ತವೆ. ಜುಲೈ 28 ಪೆರುವಿನ ಸ್ವಾತಂತ್ರ್ಯ ದಿನ. ಆ ವಾರ ವಿಶೇಷ ಮೆನು ಇರುತ್ತದೆ, ಜನಜಂಗುಳಿಯೂ ಇರುತ್ತದೆ, ಮೊದಲೇ ಫೋನ್ ಮಾಡಿ ಮೇಜು ಹಿಡಿಯಿರಿ. ಪಿಕಾರೋನೆಸ್ ಬೇಕಿದ್ದರೂ ಅದೇ ಫೋನಿನಲ್ಲಿ ಕೇಳಿಬಿಡಿ. ಕುಂಬಳ ಮತ್ತು ಗೆಣಸಿನ ಹಿಟ್ಟನ್ನು ಬಳೆಯ ಆಕಾರದಲ್ಲಿ ಎಣ್ಣೆಗೆ ಬಿಟ್ಟು, ಬೆಲ್ಲದ ಪಾಕ ಸುರಿದು ಕೊಡುವ ಸಿಹಿ ಅದು. ಹಿಟ್ಟು ಉಬ್ಬಲು ಹೊತ್ತು ಬೇಕಾಗುತ್ತದೆ, ಹಾಗಾಗಿ ಎಲ್ಲ ದಿನ ಮಾಡುವುದಿಲ್ಲ.